ಸಾಲ್ಯಾನರ ರಕ್ತ, ಕರ್ಕೇರ ಹುಡುಗಿಯ ಕುತ್ತಿಗೆ

ಕಾಪು
18-7-2024

ವಿಜೇತಾ,

ಅಜ್ಜಿಯ ಅಕ್ಷರ ಕಂಡ ಕೂಡಲೇ ಮುಖ ಸಿಂಡರಿಸಿದೆಯಲ್ಲ, ಅದನ್ನು ಮೊದಲು ಸರಿ ಮಾಡಿಕೊ. ನಿಂತುಕೊಂಡು ಓದಬೇಡ, ಕುಳಿತುಕೊ. ಮೊಬೈಲು ಕವುಚಿ ಹಾಕು. ಊರವರ ಮದುವೆಯ ಮೆಹಂದಿ ಕಾರ್ಯಕ್ರಮದಲ್ಲಿ ಮೈಕು ಹಿಡಿದು ಗಂಟೆಗಟ್ಟಲೆ ಪಟಪಟ ಮಾತನಾಡುವ ಹುಡುಗಿಗೆ, ಅಜ್ಜಿಯನ್ನು ಆಸ್ಪತ್ರೆಯಿಂದ ಮನೆಗೆ ತಂದು ಎರಡು ತಿಂಗಳಾದರೂ ಒಮ್ಮೆ ಬಂದು “ಗಂಜಿ ಇಳಿಯುತ್ತದಾ ಅಜ್ಜಿ” ಎಂದು ಕೇಳಲಿಕ್ಕೆ ನಾಲಿಗೆ ಇಲ್ಲ. ಸಂತೆಕಟ್ಟೆಯಿಂದ ಕಾಪುವಿಗೆ ಬಸ್ಸಿಲ್ಲ ಎಂದು ಹೇಳಬೇಡ. ಕೈ ತೋರಿಸದಿದ್ದರೂ ಎಳೆದು ಹತ್ತಿಸುತ್ತಾರೆ.

ಫೋನು ಮಾಡದೆ ಕಾಗದ ಯಾಕೆ ಎಂದು ಕೇಳುತ್ತೀಯಾದರೆ, ಫೋನಿನಲ್ಲಿ ಕೊಡಲಿಕ್ಕೆ ನನ್ನ ಬಳಿ ಸ್ವರ ಇಲ್ಲ. ಡಾಕ್ಟರರ ಚೂರಿ ಅದನ್ನು ತೆಗೆದುಕೊಂಡು ಹೋಯಿತು. ಬಾಯಿ ತೆರೆದರೆ ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಹಾಗೆ ಒಂದು ಸದ್ದು ಬರುತ್ತದೆ, ಅಷ್ಟೇ. ಮನೆಯಲ್ಲಿ ಸ್ಲೇಟಿನಲ್ಲಿ ಬರೆದು ತೋರಿಸುತ್ತೇನೆ. ವಾರಿಜನ ಮೊಬೈಲಿನಲ್ಲಿ ಬರೆಸಬಹುದಿತ್ತು, ಆದರೆ ನಿನ್ನ ಆ ಅತ್ತೆ ನನ್ನದು ಎರಡು ಸಾಲು ಬರೆದರೆ ತನ್ನದು ನಾಲ್ಕು ಸಾಲು ಸೇರಿಸುತ್ತಾಳೆ. ನಾಲ್ಕನೇ ಕ್ಲಾಸಿನವರೆಗೆ ಕಲಿತದ್ದು ಈಗ ಉಪಯೋಗಕ್ಕೆ ಬಂತು. ಇಷ್ಟು ವರ್ಷ ಮೀನು ಮಾರುವಾಗ ಅದರಲ್ಲಿ ಒಂದಕ್ಷರವೂ ಬೇಕಾಗಿರಲಿಲ್ಲ.

ವಿಷಯ ಇದು. ಥೈರಾಯ್ಡ್ ಎಂದರೆ ಊರಿನಲ್ಲಿ ಯಾರಿಗಿಲ್ಲ. ಬೆಳಿಗ್ಗೆ ಒಂದು ಮಾತ್ರೆ ನುಂಗುತ್ತಾರೆ, ಸ್ವಲ್ಪ ಹೊತ್ತು ಬಿಟ್ಟು ಚಾ ಕುಡಿಯುತ್ತಾರೆ, ಮುಗಿಯಿತು. ಥೈರಾಯ್ಡಿನ ಕ್ಯಾನ್ಸರ್ ಬಂದವರೂ ಹೆಚ್ಚಿನವರು ಬದುಕುತ್ತಾರಂತೆ. ಎಂತದೋ ಅಯೋಡಿನ್ ಕುಡಿಸಿ ಒಳಗಿಂದಲೇ ಸುಡುತ್ತಾರೆ. ನನ್ನದು ಆ ಜಾತಿಯದ್ದಲ್ಲ. ಮೆಡ್ಯುಲರಿ ಎಂದು ಇದರ ಹೆಸರು. ಥೈರಾಯ್ಡ್ ಕ್ಯಾನ್ಸರಿನವರು ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ ಅದರಲ್ಲಿ ಮೂರು ನಾಲ್ಕು ಜನರಿಗೆ ಇರುವಂಥದ್ದು. ಇದಕ್ಕೆ ಅಯೋಡಿನ್ ನಾಟುವುದಿಲ್ಲ. ಗ್ರಂಥಿಯಿಂದ ಹೊರಗೆ ಕಾಲಿಡುವ ಮೊದಲು ಕತ್ತರಿಸಿ ತೆಗೆದರೆ ತೆಗೆದ ಹಾಗೆ. ಕಾಲಿಟ್ಟ ಮೇಲೆ ಅದರ ಹಿಂದೆ ಓಡುವುದು ಮಾತ್ರ. ನನ್ನದು ಕಾಲಿಟ್ಟು ಆಗಿದೆ. ಅದಕ್ಕೆ ನಾನು ಅಳುತ್ತಾ ಕೂತಿಲ್ಲ, ನೀನೂ ಕೂರಬೇಡ.

ಆದರೆ ಈ ಜಾತಿಯದ್ದು ಕೆಲವು ಮನೆಗಳಲ್ಲಿ ರಕ್ತದಲ್ಲೇ ಹರಿದು ಬರುತ್ತದಂತೆ. ನನ್ನ ರಕ್ತ ನೋಡಿದರು, ಅದರಲ್ಲಿ ಸಿಕ್ಕಿತು. ಮಣಿಪಾಲದಲ್ಲಿ ಲೊರ್ನಾ ಎಂಬ ಮೇಡಂ ಇದ್ದಾರೆ, ಇದನ್ನು ಮನೆಯವರಿಗೆ ತಿಳಿಸಿ ಹೇಳುವುದೇ ಅವರ ಕೆಲಸ. “ನಿಮ್ಮ ಕುಟುಂಬದಲ್ಲಿ ಯಾರೆಲ್ಲ ಇದ್ದಾರೆ ಅಮ್ಮ” ಎಂದು ಕೇಳಿದರು. ನಮ್ಮ ಬರಿಯವರನ್ನೆಲ್ಲ, ತಾಯಿಯ ವಂಶದವರನ್ನೆಲ್ಲ, ಹೇಳಿದೆ. ನನ್ನ ಮಗಳು ವಾರಿಜಾ, ಅವಳ ಮಕ್ಕಳು ತಿಲಕ್ ಮತ್ತು ಧೃತಿ. ಅವರೆಲ್ಲ ರಕ್ತ ಕೊಡಬೇಕು. ಮೊದಲು ವಾರಿಜಾ ಕೊಡಬೇಕು.

ನೀನು ಹೆದರುವುದು ಬೇಡ. ನಿನ್ನ ಹೆಸರು ನಾನು ಹೇಳಲೇ ಇಲ್ಲ. ನಾವು ಸಾಲ್ಯಾನ್ ಬರಿಯವರು, ನೀನು ಕರ್ಕೇರ. ತಾಯಿಯ ಬರಿ ಮಕ್ಕಳಿಗೆ ಬರುವುದು, ಅಪ್ಪನದ್ದಲ್ಲ. ನಿನ್ನ ಅಪ್ಪ ಉಮಾನಾಥ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಸಾಲ್ಯಾನ್ ಆದರೂ ನೀನು ನಿನ್ನ ಅಮ್ಮ ಪ್ರಫುಲ್ಲಾಳ ಮನೆಯ ಹುಡುಗಿ. ನಾಳೆ ನಾನು ಸತ್ತರೆ ನಿನಗೆ ಸೂತಕವೇ ಇಲ್ಲ, ರೋಗ ಎಲ್ಲಿಂದ ಬರಬೇಕು.

ನಿನ್ನಿಂದ ಆಗಬೇಕಾದ ಕೆಲಸ ಒಂದೇ. ವಾರಿಜಾ ಹೋಗುವುದಿಲ್ಲ ಎಂದು ಕೂತಿದ್ದಾಳೆ. “ನನಗೆ ಎಲ್ಲಿ ಗಂಟುಂಟು ಅಮ್ಮ, ಮುಟ್ಟಿ ನೋಡಿ” ಎಂದು ಕುತ್ತಿಗೆ ಚಾಚುತ್ತಾಳೆ, ಕೋಳಿಯ ಹಾಗೆ. ನೀನು ಮೈಕಿನಲ್ಲಿ ಮದುಮಗಳ ಅಜ್ಜನನ್ನೇ ಕುಣಿಸುತ್ತೀಯಂತೆ. ನಿನ್ನ ಅತ್ತೆಯನ್ನು ಮಣಿಪಾಲದವರೆಗೆ ಕುಣಿಸಿಕೊಂಡು ಹೋಗು. ಈಗ ಆಟಿ ತಿಂಗಳು, ಮದುವೆ ಇಲ್ಲ, ಮೆಹಂದಿ ಇಲ್ಲ, ನಿನಗೆ ಬೇರೆ ಕೆಲಸವೂ ಇಲ್ಲ.

ನಿನ್ನ ಅಮ್ಮನಿಗೆ ಇದನ್ನೆಲ್ಲ ಹೇಳಲಿಕ್ಕೆ ಹೋಗಬೇಡ. ಅವಳಿಗೂ ನನಗೂ ಮಾತು ನಿಂತು ಹನ್ನೊಂದು ವರ್ಷವಾಯಿತು, ನಿನ್ನ ಅಪ್ಪ ಹೋದ ದಿನದಿಂದ. ಅದು ಹಾಗೇ ಇರಲಿ.

ನಿನ್ನ ಅಜ್ಜಿ
ರತ್ನಾವತಿ


ಸಂತೆಕಟ್ಟೆ
20-8-2024

ಅಜ್ಜಿಗೆ ನಮಸ್ಕಾರ.

ಬೈಗುಳ ತಲುಪಿತು. ಕುಳಿತೇ ಓದಿದೆ.

ವಾರಿಜತ್ತೆಯನ್ನು ಕರೆದುಕೊಂಡು ಹೋದೆ. ಉಡುಪಿಯಲ್ಲಿ ಬಸ್ಸಿನಿಂದ ಇಳಿದು ವಾಪಸು ಹೋಗುತ್ತೇನೆ ಎಂದರು. “ಅತ್ತೆ, ಅಲ್ಲಿ ಕ್ಯಾಂಟೀನಿನಲ್ಲಿ ಗೋಳಿಬಜೆ ಒಳ್ಳೆದುಂಟು” ಎಂದೆ. ಬಂದರು. ಸೂಜಿ ಚುಚ್ಚುವಾಗ ಆ ಹುಡುಗಿಯ ಹತ್ತಿರ “ನಿಧಾನ ಮಾರಾಯ್ತಿ, ನಾನು ಬಂಗುಡೆ ಅಲ್ಲ” ಎಂದು ಹೇಳಿ ಅವಳನ್ನೂ ನಗಿಸಿದರು. ನಿನ್ನೆ ರಿಪೋರ್ಟ್ ಬಂತು. ಅತ್ತೆಯ ರಕ್ತದಲ್ಲಿ ಅದು ಇಲ್ಲ. ಅವರಲ್ಲಿ ಇಲ್ಲದಿದ್ದರೆ ತಿಲಕನಿಗೂ ಧೃತಿಗೂ ಬರುವ ದಾರಿಯೇ ಇಲ್ಲವಂತೆ, ಅವರು ರಕ್ತ ಕೊಡುವುದು ಬೇಡ. ಇದನ್ನು ಅತ್ತೆ ನಿಮಗೆ ಹೇಳಿರಬಹುದು. ಮುಂದಿನದ್ದನ್ನು ಹೇಳಿರಲಿಕ್ಕಿಲ್ಲ, ಅವರು ಆಗ ಹೊರಗೆ ಕುಳಿತಿದ್ದರು.

ಲೊರ್ನಾ ಮೇಡಂ ನನ್ನನ್ನು ಒಳಗೆ ಕರೆದು “ನೀವು ಅವರಿಗೆ ಏನಾಗಬೇಕು” ಎಂದು ಕೇಳಿದರು. ಮಗನ ಮಗಳು ಎಂದೆ. “ಮತ್ತೆ ನಿಮ್ಮ ರಕ್ತ?” ಎಂದರು. ನಾನು ನಕ್ಕು, ನಾನು ಆ ಬರಿಯವಳಲ್ಲ ಮೇಡಂ, ಕರ್ಕೇರ ಎಂದೆ. ಅವರು ನಗಲಿಲ್ಲ. ಅವರು ನಮ್ಮ ಕಡೆಯವರೇ, ಬರಿ ಎಂದರೇನು ಎಂದು ನಾನು ಬಿಡಿಸಿ ಹೇಳಬೇಕಾಗಲಿಲ್ಲ.

“ನಿಮ್ಮ ಮೂಗು ಯಾರ ಹಾಗೆ ಉಂಟು?” ಎಂದು ಕೇಳಿದರು.

“ಅಪ್ಪನ ಹಾಗೆ ಅಂತ ಎಲ್ಲರೂ ಹೇಳ್ತಾರೆ.”

“ಅದು ಬರುವಾಗ ಬರಿ ಕೇಳಿಕೊಂಡು ಬಂತಾ?”

ನಾನು ಮೂಗು ಮುಟ್ಟಿ ನೋಡಿಕೊಂಡೆ, ಅಜ್ಜಿ.

ಅವರು ಹೇಳಿದ್ದು ಇಷ್ಟು. ಈ ದೋಷ ಗಂಡು ಮಗುವಿಗೂ ಹೆಣ್ಣು ಮಗುವಿಗೂ ಒಂದೇ ಹಾಗೆ ಹೋಗುತ್ತದೆ. ನಿಮ್ಮಿಂದ ಅಪ್ಪನಿಗೆ ಬಂದಿದ್ದರೆ ಅಪ್ಪನಿಂದ ನನಗೆ ಬರುವುದು ಅರ್ಧಕ್ಕರ್ಧ. ನಾಣ್ಯ ಚಿಮ್ಮಿದ ಹಾಗೆ. ಅಪ್ಪ ಹೇಗೆ ತೀರಿಕೊಂಡರು ಎಂದೂ ಕೇಳಿದರು. ದೋಣಿಯಲ್ಲಿ, ಹಾರ್ಟ್ ಎಂದೆ. ಪ್ರಾಯ ಎಷ್ಟು ಎಂದರು. ಮೂವತ್ತೆಂಟು ಎಂದೆ. ಆಗ ಪೆನ್ನು ಕೆಳಗಿಟ್ಟರು. ಅದಕ್ಕೆ ಮೊದಲು ಆರೋಗ್ಯ ಹೇಗಿತ್ತು, ತಲೆನೋವು ಇತ್ತಾ, ಬೆವರುತ್ತಿದ್ದರಾ ಎಂದೆಲ್ಲ ಕೇಳಿದರು. ನನಗೆ ಆಗ ಹದಿಮೂರು, ಗೊತ್ತಿಲ್ಲ, ಅಜ್ಜಿಗೆ ಗೊತ್ತಿರಬಹುದು ಎಂದು ಹೇಳಿ ಎದ್ದು ಬಂದೆ.

ರಕ್ತ ಕೊಟ್ಟಿಲ್ಲ. ಕೊಡುವ ಮನಸ್ಸೂ ಇಲ್ಲ. ನೀವು ಹೇಳಿದ್ದೇ ಸರಿ ಎಂದು ಇಟ್ಟುಕೊಳ್ಳುತ್ತೇನೆ.

ಚೌತಿಗೆ ಬರುತ್ತೇನೆ.

ವಿಜೇತಾ


ಕಾಪು
28-8-2024

ವಿಜೇತಾ,

ನಾನು ಹೇಳಿದ್ದು ಸರಿ ಎಂದು ಇಟ್ಟುಕೊಳ್ಳಲಿಕ್ಕೆ ನಾನೆಂತ ಪಂಚಾಂಗವಾ? ಇಷ್ಟು ಕಲಿತವಳು ನೀನು. ನಾಲ್ಕನೇ ಕ್ಲಾಸಿನ ಮುದುಕಿಯ ಮಾತು ನಿನಗೆ ಬೇಕಾದಾಗ ಮಾತ್ರ ಸರಿಯಾಗುತ್ತದೆ, ಅಲ್ವಾ.

ನಿನ್ನ ಕಾಗದ ಓದಿ ಮೊದಲು ನನಗೂ ಸಿಟ್ಟು ಬಂತು. ಒಂದೇ ಬರಿಯವರು ಮದುವೆ ಆಗುವುದಿಲ್ಲ, ಯಾಕೆಂದರೆ ರಕ್ತ ಒಂದೇ. ಹಾಗೆ ಹೇಳಿಕೊಂಡೇ ನಾವು ಬೆಳೆದದ್ದು. ಮಗನ ಮಕ್ಕಳು ಮುದ್ದಿಗೆ ನಮ್ಮವರು, ಲೆಕ್ಕಕ್ಕೆ ಅಲ್ಲ. ಆ ಲೊರ್ನಾನಿಗೆ ನಾನೇ ಹೇಳುತ್ತೇನೆ ಎಂದು ಸ್ಲೇಟು ಹಿಡಿದುಕೊಂಡು ಮಣಿಪಾಲಕ್ಕೆ ಹೋದೆ. ವಾರಿಜನನ್ನು ಹೊರಗೇ ಕೂರಿಸಿದೆ.

“ನನ್ನ ಮಗನ ಮಗಳನ್ನು ಯಾಕೆ ಹೆದರಿಸಿದಿರಿ” ಎಂದು ಬರೆದು ತೋರಿಸಿದೆ. ಅವರು ಸಿಟ್ಟಾಗಲಿಲ್ಲ. ಹೋಗಿ ಡಾಕ್ಟರನ್ನೇ ಕರೆದುಕೊಂಡು ಬಂದರು. ಆ ಡಾಕ್ಟರು ನನ್ನ ಎದುರು ಸ್ಟೂಲು ಎಳೆದು ಕುಳಿತು, “ಅಮ್ಮ, ನಿಮ್ಮ ಮಗನ ವಿಷಯ ಹೇಳಿ. ನಿಧಾನ ಬರೀರಿ, ನನಗೆ ಅರ್ಜೆಂಟಿಲ್ಲ” ಎಂದರು.

ಸ್ಲೇಟು ಎಷ್ಟು ಸಲ ಒರೆಸಿದೆನೋ ಗೊತ್ತಿಲ್ಲ. ನಿನ್ನ ಅಪ್ಪನಿಗೆ ಕೆಲವು ಸಲ ತಲೆನೋವು ಬರುತ್ತಿತ್ತು. ಮೊಳೆ ಹೊಡೆದ ಹಾಗೆ ಎನ್ನುತ್ತಿದ್ದ. ಮುಖ ಸುಣ್ಣದ ಹಾಗೆ ಬೆಳ್ಳಗಾಗುತ್ತಿತ್ತು. ಅಂಗಿ ಹಿಂಡಿದರೆ ನೀರು ಬರುವಷ್ಟು ಬೆವರು. ಎದೆ ಹೊಡೆದುಕೊಳ್ಳುವುದು ಅಂಗಿಯ ಹೊರಗೆ ಕಾಣುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಎಲ್ಲ ಇಳಿದು, ಎದ್ದು ಕುಳಿತು ಊಟ ಕೇಳುತ್ತಿದ್ದ. ಕಡಲಿನಲ್ಲಿ ಎಂತದೋ ಕಂಡು ಹೆದರಿದ್ದಾನೆ ಎಂದು ನಾನು ನೂಲು ಕಟ್ಟಿಸಿದೆ. ಮಾತ್ರೆ ತಿಂದರೆ ಸಾಕು ಎಂದ ಡಾಕ್ಟರೂ ಉಂಟು. ಕೊನೆಯ ದಿನ ಬೆಳಿಗ್ಗೆಯೂ ತಲೆನೋವಿತ್ತು. ಹೋದ. ಬಲೆ ಎಳೆಯುವಾಗ ಬಿದ್ದ. ದೋಣಿ ಮಲ್ಪೆಗೆ ಮುಟ್ಟುವಾಗ ಮುಗಿದಿತ್ತು.

ಡಾಕ್ಟರು ಎಲ್ಲವನ್ನೂ ಓದಿದರು. “ಈಗ ನೋಡಲಿಕ್ಕೆ ಅವರಿಲ್ಲ, ಹಾಗಾಗಿ ಖಂಡಿತ ಅಂತ ನಾನು ಹೇಳುವುದಿಲ್ಲ” ಎಂದರು. ಆಮೇಲೆ ಹೇಳಿದರು. ರಕ್ತದಲ್ಲಿರುವ ಇದೇ ದೋಷ ಕೆಲವರಲ್ಲಿ ಕುತ್ತಿಗೆಯಲ್ಲಿ ಕಾಣುವ ಮೊದಲೇ ಹೊಟ್ಟೆಯೊಳಗೆ, ಮೂತ್ರಪಿಂಡದ ತಲೆಯ ಮೇಲೆ ಕುಳಿತಿರುವ ಸಣ್ಣ ಗ್ರಂಥಿಯಲ್ಲಿ ಗೆಡ್ಡೆ ಮಾಡುತ್ತದೆ. ಅದು ಒಮ್ಮೊಮ್ಮೆ ರಕ್ತದ ಒತ್ತಡವನ್ನು ಏರಿಸಿ ಬಿಡುತ್ತದೆ. ತಲೆನೋವು, ಬೆವರು, ಎದೆ ಹೊಡೆತ. ಹೆಚ್ಚು ಏರಿದರೆ ಮನುಷ್ಯ ಉಳಿಯುವುದಿಲ್ಲ.

ನಾನು ಸ್ಲೇಟು ಒರೆಸಿ ಚೀಲಕ್ಕೆ ಹಾಕಿದೆ.

ಅಂದರೆ ಅದು ನನ್ನಿಂದ ಅವನಿಗೆ ಹೋಗಿತ್ತು ಎಂದೇ ನಾನು ತಿಳಿಯುತ್ತೇನೆ. ವಾರಿಜನನ್ನು ಬಿಟ್ಟಿತು, ಅವನನ್ನು ಹಿಡಿಯಿತು. ಇನ್ನು ನೀನು. ಹೋಗಿ ರಕ್ತ ಕೊಡು. ಆ ಇನ್ನೊಂದು ಗ್ರಂಥಿಯನ್ನೂ ನೋಡಲಿಕ್ಕೆ ಹೇಳು. ಕುತ್ತಿಗೆಗೆ ಕೈ ಹಾಕುವ ಮೊದಲು ಅದನ್ನು ನೋಡಲೇಬೇಕಂತೆ, ಇಲ್ಲದಿದ್ದರೆ ಆಪರೇಶನ್ ಟೇಬಲ್ಲಿನ ಮೇಲೆಯೇ ಅಪಾಯ.

ಅವನು ಹೋದ ದಿನ ಮಲ್ಪೆಯಲ್ಲಿ ನಾನು ನಿನ್ನ ಅಮ್ಮನಿಗೆ ಹೇಳಿದ ಮಾತು ನಿನ್ನ ಕಿವಿಗೂ ಬಿದ್ದಿರಬಹುದು. ಈಗ ಅದರ ಬಗ್ಗೆ ಬರೆಯುವುದಿಲ್ಲ.

ಅಜ್ಜಿ


ಸಂತೆಕಟ್ಟೆ
5-10-2024

ಅಜ್ಜಿಗೆ ನಮಸ್ಕಾರ.

ಚೌತಿಗೆ ಬಂದಾಗ ರಕ್ತದ ವಿಷಯ ನೀವು ಒಂದೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಡುಬು ತಿಂದು ಬಂದೆ. ಅದಕ್ಕೆ ಎರಡು ದಿನ ಮೊದಲೇ ರಕ್ತ ಕೊಟ್ಟಾಗಿತ್ತು.

ನನ್ನಲ್ಲಿ ಉಂಟು.

ಕುತ್ತಿಗೆಯ ಸ್ಕ್ಯಾನ್ ಆಯಿತು. ಎರಡೂ ಬದಿಯಲ್ಲಿ ಸಣ್ಣ ಸಣ್ಣ ಗಂಟುಗಳಿವೆ. ಕೈಗೆ ಸಿಗುವುದಿಲ್ಲ, ಕನ್ನಡಿಯಲ್ಲಿ ಕಾಣುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಟೋನಿನ್ ಎಂಬುದು ಏರಿದೆ. ಗ್ರಂಥಿಯೊಳಗೆ ಆ ರೋಗ ಶುರುವಾದರೆ ಅದು ಏರುವುದಂತೆ. ಹೊಟ್ಟೆಯೊಳಗಿನ ಗ್ರಂಥಿಯಲ್ಲಿ ಈಗ ಏನೂ ಇಲ್ಲ, ವರ್ಷ ವರ್ಷ ನೋಡುತ್ತಿರಬೇಕು. ಕುತ್ತಿಗೆಯದ್ದು ಹೊರಗೆ ಹೋದ ಹಾಗೆ ಕಾಣುವುದಿಲ್ಲ, ಈಗಲೇ ಪೂರ್ತಿ ಗ್ರಂಥಿಯನ್ನು ಮತ್ತು ಹತ್ತಿರದ ಗಂಟುಗಳನ್ನು ತೆಗೆದರೆ ಒಳ್ಳೆಯದು, ತಡ ಮಾಡಬೇಡಿ ಎಂದರು. ಆಮೇಲೆ ಜೀವನಪೂರ್ತಿ ಬೆಳಿಗ್ಗೆ ಒಂದು ಮಾತ್ರೆ.

ನಾನು ಮೇ ತಿಂಗಳ ನಂತರ ಎಂದು ಹೇಳಿ ಬಂದಿದ್ದೇನೆ.

ಬೈಯುವ ಮೊದಲು ಇದನ್ನು ಓದಿ. ನವೆಂಬರಿನಿಂದ ಮೇ ವರೆಗೆ ನನ್ನ ಸೀಸನ್. ಪಡುಬಿದ್ರಿಯಿಂದ ಬ್ರಹ್ಮಾವರದವರೆಗೆ ಮೆಹಂದಿ ಎಂದರೆ ವಿಜೇತಾನನ್ನೇ ಕರೆಯಿರಿ ಎನ್ನುವಷ್ಟು ಈಗ ಹೆಸರಾಗಿದೆ. ನಾಲ್ಕು ವರ್ಷದ ಹಿಂದೆ ಮೈಕು ಟೆಸ್ಟ್ ಮಾಡಲಿಕ್ಕೂ ಯಾರೂ ಕರೆಯುತ್ತಿರಲಿಲ್ಲ. ನನ್ನ ಹತ್ತಿರ ಡಿಗ್ರಿ ಉಂಟು, ಅದನ್ನು ಯಾರೂ ಕೇಳುವುದಿಲ್ಲ. ಸ್ವರವನ್ನು ಕೇಳುತ್ತಾರೆ.

ಚೌತಿಯ ದಿನ ನೀವು ಬಡಿಸುತ್ತಾ ನನ್ನನ್ನು ಎಂತದೋ ಕೇಳಿದಿರಿ. ನನಗೆ ಕೇಳಿಸಲಿಲ್ಲ. ಮತ್ತೆ ಕೇಳಿದಿರಿ. ಆಗಲೂ ಗಾಳಿ ಮಾತ್ರ. ಕೊನೆಗೆ ಧೃತಿ “ಅಜ್ಜಿ ಸಾಕಾ ಅಂತ ಕೇಳ್ತಿದ್ದಾರೆ” ಎಂದು ಹೇಳಿದಳು. ಮೀನು ಮಾರ್ಕೆಟಿನ ಒಂದು ತುದಿಯಲ್ಲಿ ನೀವು ಮಾತನಾಡಿದರೆ ಇನ್ನೊಂದು ತುದಿಯಲ್ಲಿ ಚೌಕಾಸಿ ನಿಲ್ಲುತ್ತಿತ್ತು ಎಂದು ಅಪ್ಪ ಹೇಳುತ್ತಿದ್ದರು. ಚೂರಿ ತೆಗೆದುಕೊಂಡು ಹೋಯಿತು ಎಂದು ಬರೆದವರು ನೀವೇ. ಅದೇ ಚೂರಿಯ ಕೆಳಗೆ ನಾನು ಮಲಗುವುದಿಲ್ಲ. ಮಲಗಿದರೂ ಈ ಸೀಸನ್ ಮುಗಿದ ಮೇಲೆ.

ಅಮ್ಮನಿಗೆ ಹೇಳಿಲ್ಲ. ನೀವೂ ಹೇಳಬೇಡಿ.

ವಿಜೇತಾ


ಕಾಪು
14-10-2024

ವಿಜೇತಾ,

ಓದಿದೆ. ಬೈಯುವುದಿಲ್ಲ. ಬೈದರೆ ತಾಗುವಷ್ಟು ಬುದ್ಧಿ ಉಳಿದವರಿಗೆ ಬೈಯಬೇಕು.

ಚೂರಿ ತೆಗೆದುಕೊಂಡಿತು ಎಂದು ನಾನು ಬರೆದದ್ದು ಹೌದು. ಹಾಗೇ ತಿಳಿದಿದ್ದೆ. ಮಲಗುವ ಮೊದಲು ಸ್ವಲ್ಪ ಸ್ವರ ಇತ್ತು, ಎದ್ದಾಗ ಇರಲಿಲ್ಲ. ಇನ್ನೆಂತ ತಿಳಿಯಬೇಕು? ಬಂದವರ ಮುಂದೆಲ್ಲ ಅದನ್ನೇ ಸ್ಲೇಟಿನಲ್ಲಿ ಬರೆದು ತೋರಿಸಿದ್ದೇನೆ, ಪೇಪರ್ ಹಾಕುವ ಹುಡುಗನಿಗೂ. ನಿನ್ನ ಕಾಗದ ಬಂದ ಮೇಲೆ ಇದನ್ನು ಕೇಳದೆ ಬಿಡುವ ಹಾಗಿರಲಿಲ್ಲ. ಮೊನ್ನೆ ಗುರುವಾರ ಹೋಗಿ ಡಾಕ್ಟರ ಮುಂದೆ ಸ್ಲೇಟು ಇಟ್ಟೆ. “ನನ್ನ ಸ್ವರ ಕತ್ತರಿಸಿದ್ದು ನೀವೇ ಅಲ್ವಾ? ಹೌದು ಅಥವಾ ಅಲ್ಲ ಹೇಳಿ.”

ಅವರು ಓದಿದರು. ಆಮೇಲೆ ಕಂಪ್ಯೂಟರಿನಲ್ಲಿ ಒಂದು ಚಿತ್ರ ತೆಗೆದರು. ಆಪರೇಶನಿಗೆ ಮೊದಲು ಮೂಗಿನೊಳಗೆ ನಳಿಗೆ ಇಳಿಸಿ ತೆಗೆದದ್ದು ಅದು, ನನಗೆ ನೆನಪುಂಟು, ಕಣ್ಣಲ್ಲಿ ನೀರು ಬಂದಿತ್ತು. ಗಂಟಲಿನೊಳಗೆ ಎರಡು ಪರದೆಗಳ ಹಾಗೆ ಉಂಟು. ಒಂದು ಆಡುತ್ತಿತ್ತು. ಇನ್ನೊಂದು ಸತ್ತ ಹಾಗೆ ಬದಿಯಲ್ಲಿ ನಿಂತಿತ್ತು.

“ಇದು ನಾನು ಚೂರಿ ಹಿಡಿಯುವ ಮೊದಲಿನದ್ದು ಅಮ್ಮ” ಎಂದರು. “ಸ್ವರದ ನರವನ್ನು ರೋಗವೇ ತಿಂದು ಆಗಿತ್ತು. ಉಳಿದ ಚೂರನ್ನು ಗೆಡ್ಡೆಯ ಜೊತೆ ತೆಗೆಯಬೇಕಾಯಿತು. ಇದನ್ನು ನಿಮಗೆ ಅವತ್ತೇ ಹೇಳಿದ್ದೆ. ನಿಮಗೆ ಎಷ್ಟು ಸಮಯದಿಂದ ಗಂಟಲು ಕಟ್ಟಿತ್ತು?”

ಒಂದು ವರ್ಷ ಎಂದು ಬರೆದೆ. ಬರೆಯುವಾಗ ಕಡ್ಡಿ ಮುರಿಯಿತು.

ಮೀನಿನ ಹೆಂಗಸಿಗೆ ಗಂಟಲು ಕಟ್ಟಿದರೆ ಯಾರಾದರೂ ಡಾಕ್ಟರ ಹತ್ತಿರ ಹೋಗುತ್ತಾರಾ? ಕೂಗಿ ಕೂಗಿ ಹಾಗಾದದ್ದು ಎಂದುಕೊಂಡೆ. ಕರಿಮೆಣಸಿನ ಕಷಾಯ ಕುಡಿದೆ, ಶುಂಠಿ ಜಗಿದೆ. ನುಂಗುವಾಗ ಅನ್ನ ತಡೆಯಲಿಕ್ಕೆ ಶುರುವಾದ ಮೇಲೂ ಮಳೆಗಾಲ ಕಳೆಯಲಿ ಎಂದೆ, ಆಮೇಲೆ ಬಂಗುಡೆಯ ಕಾಲ ಮುಗಿಯಲಿ ಎಂದೆ. ನೀನು ಈಗ ಮೆಹಂದಿಯ ಕಾಲ ಮುಗಿಯಲಿ ಎನ್ನುತ್ತಿದ್ದೀ. ಅಕ್ಷರ ಮಾತ್ರ ಬೇರೆ, ಕಾಗದ ಒಂದೇ.

ಚೂರಿಯಿಂದ ಏನೂ ಆಗುವುದಿಲ್ಲ ಎಂದು ನಾನು ಹೇಳುವುದಿಲ್ಲ. ಅದನ್ನೂ ಕೇಳಿದೆ. ನರಕ್ಕೆ ರೋಗ ತಾಗುವ ಮೊದಲು ಆಪರೇಶನ್ ಮಾಡಿದರೆ ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ ಸ್ವರ ಹೋಗುವುದುಂಟು ಎಂದರು. ಇನ್ನು ಕೆಲವರಿಗೆ ಕೆಲವು ವಾರ ಸ್ವರ ದಪ್ಪವಾಗಿ ಆಮೇಲೆ ಸರಿಯಾಗುತ್ತದೆ. ಏರು ಸ್ವರದಲ್ಲಿ ಹಾಡುವುದು ಕಷ್ಟವಾಗಬಹುದು. ಮುಚ್ಚಿಟ್ಟು ಹೇಳಿದರೆ ನಾಳೆ ನೀನು ನನ್ನನ್ನು ನಂಬುವುದಿಲ್ಲ, ಅದಕ್ಕೆ ಎಲ್ಲ ಬರೆದಿದ್ದೇನೆ. ಸುಮ್ಮನೆ ಕೂತರೆ ಎಂತಾಗುತ್ತದೆ ಎಂಬುದನ್ನು ನೀನು ಚೌತಿಯ ದಿನ ಕೇಳಿಸಿಕೊಂಡಿದ್ದೀ.

ನಿನ್ನ ಅಮ್ಮನಿಗೆ ಹೇಳು. ಇದೇ ವಾರ ಹೇಳು. ನೀನು ಹೇಳದಿದ್ದರೆ ನಾನು ಬರೆಯುತ್ತೇನೆ.

ಅಜ್ಜಿ


ಕಾರ್ಕಳ
27-10-2024

ಅತ್ತೆಯವರಿಗೆ,

ನೀವು ಬರೆದ ಕಾಗದ ಸಿಕ್ಕಿತು. ಹನ್ನೊಂದು ವರ್ಷದ ನಂತರ ನಿಮ್ಮಿಂದ ಬಂದದ್ದು ಇದು.

ಮಗಳನ್ನು ಸಂತೆಕಟ್ಟೆಯಿಂದ ಇಲ್ಲಿಗೆ ಕರೆಸಿ ಕೇಳಿದೆ. ಅತ್ತಳು, ಹೌದು ಎಂದಳು.

ನನ್ನ ಗಂಡನ ಹೆಣ ದೋಣಿಯಿಂದ ಇಳಿಸುವಾಗ, ಅಷ್ಟು ಜನರ ಮುಂದೆ, ತಲೆನೋವಿದ್ದವನನ್ನು ಕಡಲಿಗೆ ಅಟ್ಟಿ ಕೊಂದವಳು ಎಂದು ನೀವು ನನ್ನನ್ನು ಹೇಳಿದಿರಿ. ಅದಕ್ಕೇ ನಾನು ಮಗಳ ಕೈ ಹಿಡಿದು ಕಾರ್ಕಳದಲ್ಲಿ ಅಣ್ಣನ ಮನೆಗೆ ಬಂದದ್ದು. ಇಷ್ಟು ವರ್ಷ ಅದನ್ನು ನುಂಗಿಕೊಂಡು ಅವಳನ್ನು ಸಾಕಿದೆ. ಈಗ ನಿಮ್ಮ ಮನೆಯ ರೋಗ ನನ್ನ ಮಗಳಲ್ಲಿ ಉಂಟು, ಬೇಗ ಕತ್ತರಿಸು ಎಂದು ಬರೆದಿದ್ದೀರಿ. ಆಗಲೂ ಆಜ್ಞೆ ನಿಮ್ಮದೇ, ಈಗಲೂ ನಿಮ್ಮದೇ.

ಅವಳಿಗೆ ಆಪರೇಶನ್ ಬೇಡ. ನನಗೂ ಬೇಡ. ಹೆಬ್ರಿಯಲ್ಲಿ ಒಬ್ಬರು ಗೆಡ್ಡೆಗೆ ಬೇರಿನ ಮದ್ದು ಕೊಡುತ್ತಾರೆ, ಕತ್ತರಿಸದೆ ಕರಗುತ್ತದೆ ಎಂದು ಅತ್ತಿಗೆ ಹೇಳಿದರು. ಬರುವ ಭಾನುವಾರ ಕರೆದುಕೊಂಡು ಹೋಗುತ್ತೇನೆ. ನನ್ನ ಮಗಳನ್ನು ನಾನು ನೋಡಿಕೊಳ್ಳುತ್ತೇನೆ. ಇನ್ನು ಬರೆಯಬೇಡಿ.

ಪ್ರಫುಲ್ಲಾ


ಕಾಪು
31-10-2024

ಪ್ರಫುಲ್ಲಾ,

ಬರೆಯಬೇಡಿ ಎಂದಿದ್ದೀ. ಇದನ್ನು ಹರಿದು ಹಾಕುವುದಾದರೆ ಓದಿದ ಮೇಲೆ ಹರಿ. ತಿಲಕನ ಕೈಯಲ್ಲಿ ಬೈಕಿನಲ್ಲಿ ಕಳುಹಿಸಿದ್ದೇನೆ, ಅಂಚೆಗೆ ಹಾಕಿದರೆ ಭಾನುವಾರ ದಾಟಿ ಹೋಗುತ್ತದೆ. ನೀನು ಓದಿ ಮುಗಿಸುವವರೆಗೆ ಅಂಗಳದಿಂದ ಅಲುಗಬೇಡ ಎಂದು ಅವನಿಗೆ ಹೇಳಿದ್ದೇನೆ. ಅವನಿಗೆ ಒಂದು ಲೋಟ ನೀರು ಕೊಡು.

ಮಲ್ಪೆಯಲ್ಲಿ ನಾನು ಹೇಳಿದ ಮಾತು ನೀನು ಬರೆದ ಹಾಗೇ ಇತ್ತು. ನೀನು ಒಂದಕ್ಷರ ಹೆಚ್ಚು ಬರೆಯಲಿಲ್ಲ.

ಈಗ ಡಾಕ್ಟರು ಹೇಳಿದ್ದನ್ನು ಕೇಳು. ಉಮಾನಾಥನ ಆ ತಲೆನೋವು, ಬೆವರು, ಎದೆ ಹೊಡೆತ ಬಹುಶಃ ಇದೇ ದೋಷದ್ದು. ನೂರಕ್ಕೆ ನೂರು ಹೇಳಲಿಕ್ಕೆ ಅವರಿಗೆ ಆಗುವುದಿಲ್ಲ. ಆದರೆ ಅದೇ ಆಗಿದ್ದರೆ ಅವನು ಅವತ್ತು ಚಾಪೆಯಲ್ಲಿ ಮಲಗಿದ್ದರೂ ಹೋಗಬಹುದಿತ್ತು, ಊಟಕ್ಕೆ ಕುಳಿತಲ್ಲಿ ಹೋಗಬಹುದಿತ್ತು. ನೀನು “ಹೋಗಿ ಬನ್ನಿ” ಎಂದದ್ದರಿಂದ ಆದದ್ದಲ್ಲ. ನೀನು ಬೇಡ ಎಂದಿದ್ದರೂ ನಿಲ್ಲುತ್ತಿರಲಿಲ್ಲ. ಅದು ಅವನ ಮೈಯೊಳಗೆ ಹುಟ್ಟುವಾಗಲೇ ಇತ್ತು, ನನ್ನಿಂದ ಹೋದದ್ದು. ನಾನು ತಿಳಿದು ಕೊಟ್ಟದ್ದಲ್ಲ. ನೀನು ತಿಳಿದು ಅಟ್ಟಿದ್ದೂ ಅಲ್ಲ.

ಇದು ಕ್ಷಮೆ ಕೇಳುವ ಕಾಗದ ಅಲ್ಲ. ನನ್ನನ್ನು ಕ್ಷಮಿಸಬೇಡ. ಬೇಕಾದರೆ ಸಾಯುವವರೆಗೆ ಮಾತು ಬಿಡು, ನನಗೆ ಹೇಗೂ ಮಾತಿಲ್ಲ. ಆದರೆ ನನ್ನ ಮೇಲಿನ ಸಿಟ್ಟಿಗೆ ಹೆಬ್ರಿಯ ಬಸ್ಸು ಹತ್ತಬೇಡ. ಈ ಜಾತಿಯದ್ದನ್ನು ಕರಗಿಸುವ ಬೇರು ಇಲ್ಲ, ಸುಡುವ ಅಯೋಡಿನ್ನೇ ಇದಕ್ಕೆ ಸೋತಿದೆ. ಆ ಮದ್ದು ಕುಡಿಯುತ್ತಾ ಎರಡು ತಿಂಗಳು ಕಳೆಯುತ್ತದೆ, ಅವಳಿಗೆ ಏನೂ ನೋಯುವುದಿಲ್ಲ, ಮದ್ದು ಹಿಡಿಯಿತು ಎಂದು ನೀವು ಇಬ್ಬರೂ ತಿಳಿಯುತ್ತೀರಿ. ಇದು ನೋಯದೆಯೇ ನಡೆಯುವುದು. ನನಗೂ ನೋಯಲಿಲ್ಲ.

ನನ್ನಲ್ಲಿ ಇದು ಎಪ್ಪತ್ತು ದಾಟುವವರೆಗೆ ಕಾದಿತು. ಅವನನ್ನು ಮೂವತ್ತೆಂಟಕ್ಕೆ ಹಿಡಿಯಿತು. ಅವಳಲ್ಲಿ ಇಪ್ಪತ್ತನಾಲ್ಕಕ್ಕೆ ಗಂಟಾಗಿ ಕುಳಿತಿದೆ, ಇನ್ನೂ ಹೊರಗೆ ಕಾಲಿಟ್ಟಿಲ್ಲ. ಈ ಮನೆಯಲ್ಲಿ ಸಮಯಕ್ಕೆ ಮೊದಲು ಗೊತ್ತಾದದ್ದು ಅವಳೊಬ್ಬಳಿಗೆ. ನನಗೆ ಗೊತ್ತಾಗುವಾಗ ತಡವಾಗಿತ್ತು. ಅವನಿಗೆ ಗೊತ್ತೇ ಆಗಲಿಲ್ಲ.

ಅವಳು ನನ್ನ ಮಾತು ಕೇಳುವುದಿಲ್ಲ, ನನ್ನ ಸ್ವರ ಕೇಳಿ ಹೆದರಿದ್ದಾಳೆ. ನಿನ್ನ ಮಾತು ಕೇಳುತ್ತಾಳೆ. ನೀನು ಅವಳ ಜೊತೆ ಹೋಗಿ ಲೊರ್ನಾ ಎಂಬವರನ್ನು ಕಾಣು. ನನ್ನ ಬಗ್ಗೆ ನಿನಗೆ ಇರುವುದನ್ನೆಲ್ಲ ಅವರ ಹತ್ತಿರವೇ ಹೇಳು, ಅವರು ಕೇಳಿಸಿಕೊಳ್ಳುತ್ತಾರೆ. ಅವಳು ಕರ್ಕೇರ ಮನೆಯ ಹುಡುಗಿ, ನಿನ್ನ ಮಗಳು. ತೀರ್ಮಾನ ನಿನ್ನದು. ನನ್ನದು ಆಜ್ಞೆ ಅಲ್ಲ.

ರತ್ನಾವತಿ


ಕಾಪು
15-11-2024

ವಿಜೇತಾ,

ಹೆಬ್ರಿಗೆ ಹೋಗದೆ ನೀವಿಬ್ಬರೂ ಲೊರ್ನಾ ಮೇಡಂ ಅವರನ್ನು ಕಂಡಿರಿ ಎಂದು ತಿಲಕ್ ಹೇಳಿದ. ನಿನ್ನ ಅಮ್ಮನಿಂದ ನಿನ್ನೆ ಕಾರ್ಡು ಬಂತು. “ಇಪ್ಪತ್ತೊಂದಕ್ಕೆ ಅಡ್ಮಿಟ್, ಇಪ್ಪತ್ತೆರಡಕ್ಕೆ ಆಪರೇಶನ್. ನಾನು ಜೊತೆಗೆ ಇರುತ್ತೇನೆ.” ಅಷ್ಟೇ. ಮೇಲೆ ಅತ್ತೆಯವರಿಗೆ ಎಂದಿಲ್ಲ, ಕೆಳಗೆ ಹೆಸರಿಲ್ಲ. ಮೂರು ಸಲ ಓದಿದೆ. ವಾರಿಜನಿಗೂ ಕೊಟ್ಟೆ. ಅವಳು ಓದಿ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದಳು.

ಪಡುಬಿದ್ರಿಯ ಮೆಹಂದಿಗೆ ನಿನ್ನ ಬದಲು ಯಾರೋ ಹುಡುಗ ಬರುತ್ತಾನೆ ಎಂದು ಇಲ್ಲಿ ಸುದ್ದಿಯಾಗಿದೆ. ನೀನು ದುಬಾಯಿಯ ಕಾರ್ಯಕ್ರಮಕ್ಕೆ ಹೋಗಿದ್ದೀ ಎಂದು ಒಬ್ಬಳು ಹೇಳಿದಳು. ನಾನು ಹೌದು ಎಂದು ತಲೆ ಆಡಿಸಿದೆ. ಜನರಿಗೆ ಹೇಳುವುದಿದ್ದರೆ ಗುಣವಾಗಿ ಬಂದು ನೀನೇ ಹೇಳು.

ಕೆಲವು ಮಾತು. ಹೊಟ್ಟೆಯ ಗ್ರಂಥಿಯ ರಿಪೋರ್ಟನ್ನು ಮಂಪರು ಕೊಡುವ ಡಾಕ್ಟರಿಗೂ ನೆನಪಿಸು, ಅವರು ನೋಡಿರುತ್ತಾರೆ ಎಂದು ಸುಮ್ಮನಿರಬೇಡ. ಎದ್ದ ಮೇಲೆ ಕೈಬೆರಳು, ತುಟಿ ಜುಮ್ ಎಂದರೆ ಕೂಡಲೇ ನರ್ಸಿಗೆ ಹೇಳು. ಅದು ಸುಣ್ಣದ ಅಂಶ ಇಳಿದದ್ದು, ನನಗೂ ಆಗಿತ್ತು, ಸೂಜಿ ಕೊಟ್ಟರೆ ಇಳಿಯುತ್ತದೆ. ಸ್ವರ ಬಂತಾ ಎಂದು ಕೂಡಲೇ ಕಿರುಚಿ ನೋಡಬೇಡ. ಅಮ್ಮ ರಾತ್ರಿ ಊಟ ಮಾಡದೆ ಕೂರುತ್ತಾಳೆ, ಅವಳ ಸ್ವಭಾವ ಅದು. ಕ್ಯಾಂಟೀನಿಗೆ ಕಳುಹಿಸು.

ನನ್ನನ್ನು ಅಲ್ಲಿಗೆ ಕರೆಯಬೇಡ. ಮೊನ್ನೆ ಡಾಕ್ಟರ ಹತ್ತಿರ ಹೋಗಿದ್ದೆ, ನನ್ನದನ್ನು ತೋರಿಸಲಿಕ್ಕೆ. ಹೊಸ ಫೋಟೋ ತೆಗೆದರು. ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಮಾತನಾಡಿದ್ದೆಲ್ಲ ವಾರಿಜನ ಹತ್ತಿರ. ಪ್ರತಿ ಸಲ ಚೀಟಿಯ ಕೊನೆಗೆ ಮುಂದಿನ ತಾರೀಕು ಬರೆಯುತ್ತಿದ್ದರು. ಈ ಸಲ ಬರೆಯಲಿಲ್ಲ. “ಬೇಕಾದಾಗ ಬನ್ನಿ ಅಮ್ಮ” ಎಂದರು. ನಾನು ಸ್ಲೇಟಿನಲ್ಲಿ “ನನ್ನ ಮೊಮ್ಮಗಳ ಆಪರೇಶನ್ ಯಾರು ಮಾಡುವುದು” ಎಂದು ಬರೆದೆ. “ನಾನೇ” ಎಂದರು. ಸರಿ ಎಂದು ಎದ್ದು ಬಂದೆ.

ಆಪರೇಶನ್ ಆದ ಮೇಲೆ ತೆಗೆದದ್ದನ್ನು ಪರೀಕ್ಷೆಗೆ ಕಳುಹಿಸುತ್ತಾರೆ, ಒಂದು ವಾರದಲ್ಲಿ ಗೊತ್ತಾಗುತ್ತದೆ. ಅದು ಗ್ರಂಥಿಯಿಂದ ಹೊರಗೆ ಕಾಲಿಟ್ಟಿತ್ತಾ, ಇಲ್ಲವಾ. ನನಗೆ ಬೇಕಾದದ್ದು ಅದೊಂದು. ಬೇರೆ ಎಂತದೂ ಬರೆಯದಿದ್ದರೂ ಅದನ್ನು ಬರೆ. ಇಲ್ಲ ಎಂದಾದರೆ ಇಲ್ಲ ಎಂದು ಒಂದು ಶಬ್ದ ಸಾಕು, ಕಾರ್ಡಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆ, ನನಗೆ ಕನ್ನಡಕ ಹುಡುಕುವ ಕೆಲಸ ಇಡಬೇಡ. ಕೈ ನೋಯುತ್ತದೆ ಎಂದರೆ ನಿನ್ನ ಅಮ್ಮ ಬರೆಯಲಿ.

ಡಿಸೆಂಬರ್ ಹುಟ್ಟುವ ಮೊದಲು ಅಂಚೆಗೆ ಹಾಕು. ಸುಸ್ತಾಗಿತ್ತು, ಮುಂದಿನ ತಿಂಗಳು ನಿಧಾನವಾಗಿ ಬರೆಯುತ್ತೇನೆ ಎಂಬ ಮಾತು ನನ್ನ ಹತ್ತಿರ ನಡೆಯುವುದಿಲ್ಲ. ಈ ತಿಂಗಳೇ ಬರೆ.

ನಿನ್ನ ಅಜ್ಜಿ
ರತ್ನಾವತಿ